ದಿಬ್ಬಣದ ಕಾರು

ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು ಮದುಮಕ್ಕಳು ಹತ್ತಿ ಕೂತರೂ ಆ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ಹೆಣ್ಣಿನ ತಂದೆ, ಮೆಕ್ಯಾನಿಕ್ ರಾಚಪ್ಪ, ರೇಷ್ಮೆ ಪಂಚೆ ಎತ್ತಿ ಕಟ್ಟಿ ಬಾನೆಟ್ ತೆರೆದ.

"ಮಗಳನ್ನ ಕಳಿಸೋಕೆ ಮನಸ್ಸಿಲ್ದೆ ನೀವೇ ಏನೋ ಕಿತ್ತಿಟ್ಕೊಂಡಿದ್ದೀರಿ, ಬೀಗ್ರೇ!" ಎಂದು ಗಂಡಿನ ತಂದೆ ನಕ್ಕರು.

ಬ್ಯಾಟರಿ ಸರಿಯಿತ್ತು, ಪೆಟ್ರೋಲೂ ಬರುತ್ತಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿದರೆ ಒಳಗಿನ ರೋಟರೇ ಇಲ್ಲ. ಆ ಪುಟ್ಟ ತುಂಡಿಲ್ಲದೆ ಎಂಜಿನ್ ಹೊತ್ತಿಕೊಳ್ಳದು. ಅದನ್ನು ಕೀಳುವುದು ಇಡೀ ಛತ್ರದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು.

ರಾಚಪ್ಪ ಕಿಟಕಿಗೆ ಬಗ್ಗಿದ. ಮಗಳ ಮುಷ್ಟಿ ಬಿಗಿದಿತ್ತು. ಮದರಂಗಿಯ ಮೇಲೆ ಗ್ರೀಸಿನ ಕಪ್ಪು.

"ಕೊಡವ್ವ," ಎಂದ ಮೆಲ್ಲಗೆ.

"ನಾಳೆಯಿಂದ ನಿಂಗೆ ಸ್ಪ್ಯಾನರ್ ಯಾರಪ್ಪ ಎತ್ತಿಕೊಡ್ತಾರೆ?"

ಅವನು ಅಂಗೈ ಚಾಚಿದ. ಕೊನೆಗೆ ಮುಷ್ಟಿ ಬಿಚ್ಚಿತು. ರೋಟರನ್ನು ಅಂಗೈಯಲ್ಲಿ ಮುಚ್ಚಿಕೊಂಡು ರಾಚಪ್ಪ ಬೀಗರತ್ತ ತಿರುಗಿದ.

"ನೀವಂದಿದ್ದೇ ನಿಜ ಬೀಗ್ರೇ, ನನ್ ಜೇಬಲ್ಲೇ ಇತ್ತು."