ಸೋಸಿದ ಗಾಳಿ

"ಆ ಫಿಲ್ಟರ್ ಬಿಚ್ಚಿ ತೋರಿಸಿ ಭಾವ. ನನ್ನ ಕಣ್ಣೆದುರೇ ಬಿಚ್ಚಿ."

ತಮ್ಮನ ಹೆಂಡತಿ ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು. ಗಂಡನ ಶ್ವಾಸಕೋಶಕ್ಕೆ ಎಣ್ಣೆ ಇಳಿದಿದೆ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬೆಳಿಗ್ಗೆಯಷ್ಟೇ ಹೇಳಿದ್ದರು.

ಕಂಪ್ರೆಸರ್ ಮೇಸ್ತ್ರಿಯಾದ ಅಣ್ಣ ಸ್ಪ್ಯಾನರ್ ಕೈಗೆತ್ತಿಕೊಂಡ. ಅವನ ತಮ್ಮ, ದೊಡ್ಡ ಟ್ಯಾಂಕುಗಳ ಒಳಗಿಳಿದು ಬಣ್ಣ ಹೊಡೆಯುವವನು. ಅವನ ಬಣ್ಣ ಎರಚುವ ಗನ್ನಿಗೂ, ಉಸಿರಾಡುವ ಮುಖವಾಡಕ್ಕೂ ಗಾಳಿ ಹೋಗುವುದು ಈ ಕೋಣೆಯಿಂದಲೇ. ಯಂತ್ರ ಒತ್ತಿ ಕಳಿಸುವ ಗಾಳಿಯಲ್ಲಿ ನೀರಿನ ಪಸೆ, ಎಣ್ಣೆಯ ಹಬೆ ಇದ್ದೇ ಇರುತ್ತದೆ. ಅದನ್ನು ಸೋಸಿ ಬಿಡುವುದು ಅಣ್ಣನ ಹೊಣೆ.

ಅದಕ್ಕೆಂದೇ ಹೋದ ವರ್ಷ ಅವನು ಮ್ಯಾನೇಜರ್ ಜೊತೆ ಜಗಳವಾಡಿ ಹೊಸ ಫಿಲ್ಟರ್ ಹಾಕಿಸಿದ್ದ. ಬಹಳ ಸಣ್ಣ ಕಣ್ಣಿನದು. ಗಾಳಿಯ ಒತ್ತಡ ಇಳಿಯಿತು, ಗನ್ ತಡವರಿಸಿ ಬಣ್ಣ ಉಗುಳತೊಡಗಿತು.

"ನಾಳೆಯೊಳಗೆ ಸರಿಹೋಗದಿದ್ರೆ ಫಿಲ್ಟರೂ ಹೊರಗೆ, ನೀನೂ ಹೊರಗೆ," ಎಂದಿದ್ದ ಮ್ಯಾನೇಜರ್.

ಅಣ್ಣ ಜೋಡಣೆಗಳನ್ನೆಲ್ಲ ಬಿಗಿ ಮಾಡಿದ. ಮರುದಿನ ಒತ್ತಡ ಸರಿಹೋಯಿತು. ತನ್ನದೇ ಕೈಗುಣ ಎಂದುಕೊಂಡ, ಮತ್ತೆ ಬಿಚ್ಚಿ ನೋಡಲಿಲ್ಲ.

ಈಗ ಊಟದ ಹೊತ್ತು, ಯಂತ್ರ ನಿಂತಿತ್ತು. ಅವನು ಉಳಿದ ಗಾಳಿ ಬಿಟ್ಟು, ಫಿಲ್ಟರ್ ಹೊರತೆಗೆದು ಅವಳ ಮುಂದೆ ಹಿಡಿದ. ಹಾಲಿನಷ್ಟು ಬೆಳ್ಳಗಿತ್ತು.

ಅವಳು ಗೋಡೆಗೊರಗಿದಳು. "ತಪ್ಪಾಯ್ತು ಭಾವ. ದಾರಿಯುದ್ದಕ್ಕೂ ನಿಮಗೆ ಶಾಪ ಹಾಕ್ಕೊಂಡು ಬಂದೆ."

"ಬಿಡಮ್ಮ. ನೀನು ಅವನ ಹತ್ತಿರ ಹೋಗು."

ಅವಳು ಹೋದಳು. ಅವನ ಕೈ ಮಾತ್ರ ಫಿಲ್ಟರನ್ನು ಕೆಳಗಿಡಲಿಲ್ಲ. ವರ್ಷವಿಡೀ ಎಣ್ಣೆ ಹೀರಿದ್ದು ಕಂದುಗಟ್ಟಿರಬೇಕು. ಬೆಳ್ಳಗಿದೆ ಎಂದರೆ ಇದರೊಳಗೆ ಗಾಳಿಯೇ ಹಾದಿಲ್ಲ.

ಫಿಲ್ಟರ್ ಬದಲಿಸುವಾಗ ಕೆಲಸ ನಿಲ್ಲದಿರಲೆಂದು ಹಿಂದುಗಡೆ, ಫಿಲ್ಟರ್ ತಪ್ಪಿಸಿ ಗಾಳಿ ಒಯ್ಯುವ ಒಂದು ಅಡ್ಡಪೈಪು ಇತ್ತು. ಅದರ ವಾಲ್ವ್ ಉಳಿದಂತೆ ಸದಾ ಮುಚ್ಚಿರಬೇಕು. ಟಾರ್ಚ್ ಹಾಕಿ ಬಗ್ಗಿ ನೋಡಿದ. ಪೂರ್ತಿ ತೆರೆದಿತ್ತು. ಸಲೀಸಾದ ದಾರಿ ಸಿಕ್ಕ ಮೇಲೆ ಗಾಳಿ ಸೋಸುವ ದಾರಿ ಹಿಡಿದೀತೇ? ಒಂದು ವರ್ಷ ತಮ್ಮ ಉಸಿರಾಡಿದ್ದು ಎಣ್ಣೆಯನ್ನೇ.

ಅವನ ಕಣ್ಣ ಮುಂದೆ ಬಂದದ್ದು ಮ್ಯಾನೇಜರನ ಮುಖ.

ಕೈ ತೊಳೆಯದೆ ಆಸ್ಪತ್ರೆಗೆ ಓಡಿದ. ತಮ್ಮ ದಿಂಬಿಗೊರಗಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಎಳೆಯುತ್ತಿದ್ದ. ಅಣ್ಣ ಅವನ ಕಿವಿಯ ಬಳಿ ಬಗ್ಗಿದ.

"ಯಾರು ಮಾಡಿದ್ದು ಅಂತ ಗೊತ್ತಾಯ್ತು ಕಣೋ. ಆ ಮ್ಯಾನೇಜರ್ ಅಡ್ಡಪೈಪಿನ ವಾಲ್ವ್ ತೆರೆದಿಟ್ಟಿದಾನೆ. ಅವನನ್ನ ನಾನು ಸುಮ್ಮನೆ ಬಿಡಲ್ಲ."

ತಮ್ಮ ಆಕ್ಸಿಜನ್ ಮಾಸ್ಕನ್ನು ಬೆರಳಿಂದ ಪಕ್ಕಕ್ಕೆ ಸರಿಸಿದ.

"ಅವನಲ್ಲ ಅಣ್ಣ... ನಿನ್ನ ಕೆಲಸ ಹೋಗುತ್ತಲ್ಲ ಅಂತ, ನಾನೇ ತೆರೆದೆ."