ಕಟ್ಟಡ ವಿಭಾಗದ ಒಬ್ಬಳೇ ಹುಡುಗಿ

ಡಿಪ್ಲೊಮಾ ಕಾಲೇಜಿನ ಕಟ್ಟಡ ನಿರ್ಮಾಣ ವಿಭಾಗಕ್ಕೆ ಸೇರಿದ ಒಬ್ಬಳೇ ಹುಡುಗಿ ರೋಹಿಣಿ. "ಹೆಣ್ಣುಮಗಳು ಗಾರೆ, ಕಬ್ಬಿಣ ಅಂತ ಗಂಡಸರ ಮಧ್ಯೆ ನಿಲ್ಲೋದಾ? ಕಂಪ್ಯೂಟರ್‌ಗೋ ಕಾಮರ್ಸ್‌ಗೋ ಸೇರ್ಕೊ" ಎಂದು ಅಪ್ಪ ಹಟ ಹಿಡಿದಿದ್ದ. ಆಗ ವಿಭಾಗದ ಮೇಷ್ಟ್ರು ಮರಿಸ್ವಾಮಿ ಮನೆಗೇ ಬಂದು, "ನಿಮ್ಮ ಮಗಳು ಕಟ್ಟಡ ಕಟ್ಟಿಸ್ತಾಳೆ, ನಾನಿದ್ದೀನಿ ಬಿಡಿ" ಎಂದು ಒಪ್ಪಿಸಿದ್ದರು. ಬಿಸಿಲಿನಲ್ಲಿ ಗೋಡೆಗೆ ಕಟ್ಟಿದ ಸಾರುವೆ ಹತ್ತಿ ಇಳಿದು ಕಲಿತ ಅವಳು ಕೊನೆಯ ವರ್ಷ ಎಲ್ಲ ಹುಡುಗರನ್ನೂ ಹಿಂದಿಕ್ಕಿದಳು.

ಕೆಲಸಕ್ಕೆ ಆಯ್ಕೆ ಮಾಡಲು ಕಾಲೇಜಿಗೆ ಬಂದ ಕಂಪನಿಯ ಮ್ಯಾನೇಜರ್ ಮೊದಲು ಕರೆದದ್ದು ಅವಳನ್ನೇ. ಒಂದು ಪ್ರಶ್ನೆಯನ್ನೂ ಕೇಳದೆ, "ಸೋಮವಾರದಿಂದ ಬನ್ನಿ" ಎಂದ. ಅವಳ ಕಣ್ಣು ತುಂಬಿ ಬಂತು.

"ಯಾವ ಸೈಟಿಗೆ ಸರ್?"

"ಸೈಟಿಗಲ್ಲಮ್ಮ, ಆಫೀಸಿನ ರಿಸೆಪ್ಷನ್‌ಗೆ."

"ಸರ್, ನಾನು ಕಲಿತಿರೋದು ಕಟ್ಟಡದ ಕೆಲಸ. ಬೇಕಾದ್ರೆ ಮರಿಸ್ವಾಮಿ ಸರ್‌ನ ಕೇಳಿ ನೋಡಿ."

ಮ್ಯಾನೇಜರ್ ನಕ್ಕ.

"ಅವರನ್ನ ಕೇಳಿಯೇ ಬಂದೆ. ಮುಂಬಾಗಿಲಲ್ಲಿ ಕೂರಿಸೋಕೆ ಲಕ್ಷಣವಾದ ಹುಡುಗಿ ಯಾರಾದ್ರೂ ಇದ್ದಾರಾ ಅಂದಿದ್ದಕ್ಕೆ, ನಿಮ್ಮ ಹೆಸರು ಹೇಳಿದ್ದೇ ಅವರು."