ಹಿತ್ತಲ ಪುಂಡಿ

ಜೇಬುನ್ನೀಸಾ ಹಾಲು ತೆಗೆದುಕೊಂಡು ಮನೆಯೊಳಗೆ ಬಂದಾಗ ಸೊಸೆ ಬುಷರಾ ವಾಷಿಂಗ್ ಮಷಿನ್ನಿನೊಳಗೆ ಪುಂಡಿ ಸೊಪ್ಪಿನ ಗಿಡಗಳನ್ನು ತುರುಕುತ್ತಿದ್ದಳು. ಬೇರಿನ ಮಣ್ಣು ಕೂಡ ಕೊಡವಿರಲಿಲ್ಲ. ಹಿಂದಿನ ಬಾಗಿಲು ಹಾರುಹೊಡೆದಿತ್ತು. ಬಿಲ್ಡಿಂಗಿನ ಗೋಡೆಗೂ ಗಟಾರಕ್ಕೂ ನಡುವಿನ ಅಂಗೈಯಗಲದ ಜಾಗದಲ್ಲಿ ಬೆಳಿಗ್ಗೆಯವರೆಗೆ ಹಸಿರಾಗಿ ನಿಂತಿದ್ದ ಮಡಿಯಲ್ಲಿ ಈಗ ಬರೀ ಗುಂಡಿಗಳಿದ್ದವು.

"ಎಳೀ ಪುಂಡಿ! ಹಿಂಗ ಬುಡಸಮೇತ ಕೀಳ್ತಾರೇನ? ತುದಿ ಚಿವುಟಿದ್ರ ಮತ್ತ ಚಿಗೀತಿತ್ತು. ತಲಿ ನೆಟ್ಟಗೈತಿಲ್ಲೋ ನಿಂದು?"

"ಅಮ್ಮೀ, ಧೀರೇ ಮಾತಾಡಿ! ಬಿಲ್ಡಿಂಗ್ ಗ್ರೂಪ್‌ನಲ್ಲಿ ಯಾರೋ ಮೇಲಿಂದ ಫೋಟೋ ತೆಗೆದು ಹಾಕಿದಾರೆ. ಗ್ರೌಂಡ್ ಫ್ಲೋರ್‌ವಾಲೇ ಗಾಂಜಾ ಬೆಳೆಸ್ತಾರೆ ಅಂತ. ಪೊಲೀಸ್‌ಗೆ ಭೀ ಫೋನ್ ಮಾಡಿದಾರಂತೆ."

ಬುಷರಾ ಮೊಬೈಲ್ ಮುಂದೆ ಹಿಡಿದಳು. ಒಂದು ಕಡೆ ಅವರ ಮಡಿ, ಇನ್ನೊಂದು ಕಡೆ ಇಂಟರ್ನೆಟ್ಟಿನಿಂದ ತೆಗೆದ ಗಾಂಜಾ ಎಲೆ. ಸುಳ್ಳೇಕೆ ಹೇಳಬೇಕು, ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಎರಡಕ್ಕೂ ಬೆರಳು ಅಗಲಿಸಿದ ಕೈಯಂಥ ಎಲೆ, ಗರಗಸದಂಥ ಅಂಚು. ಜೇಬುನ್ನೀಸಾಳಿಗೆ ನಗು ಬಂತು. ಬುಷರಾಳಿಗೆ ಬರಲಿಲ್ಲ. ಅವಳ ಗಂಡ ಮುಜಾಹಿದ ಮುಂಬೈ ಏರ್‌ಪೋರ್ಟಿನೊಳಗೆ ಎಸಿ ರಿಪೇರಿ ಮಾಡುವವನು. ಪೊಲೀಸರ ಬಾಯಲ್ಲಿ ಅವನ ಹೆಸರು ಒಮ್ಮೆ ಬಂದರೆ ಸಾಕು, ಒಳಗೆ ಹೋಗುವ ಪಾಸು ಹೋಗುತ್ತದೆ, ಪಾಸಿನ ಹಿಂದೆಯೇ ಕೆಲಸವೂ ಹೋಗುತ್ತದೆ.

"ವಿಜಾಪುರದಾಗ ಇದನ್ನ ತಿನ್ನದ ಮನೀನ ಇಲ್ಲ. ಹಂಗಾದ್ರ ಇಡೀ ಜಿಲ್ಲಾನ ಜೇಲಿಗೆ ಹಾಕ್ಲಿ," ಎನ್ನುತ್ತ ಜೇಬುನ್ನೀಸಾ ಮಷಿನ್ನಿನಿಂದ ಗಿಡಗಳನ್ನು ಹೊರಗೆಳೆದಳು. "ಕಿತ್ತಿದ್ದು ಕಿತ್ತಾತು. ಬಾಡೂದ್ರಾಗ ಪಲ್ಯಾನರ ಮಾಡೂಣು." ಸೊಪ್ಪು ಬಿಡಿಸಿ, ತೊಳೆದು, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಲು ಇಟ್ಟೇಬಿಟ್ಟಳು. ಇನ್ನೊಂದು ಒಲೆಯ ಮೇಲೆ ರೊಟ್ಟಿ ಬಡಿಯಲು ಶುರುಮಾಡಿದಳು.

ಬಾಗಿಲು ತಟ್ಟಿದ ಪೊಲೀಸ್ ಪೇದೆ ಸೀದಾ ಹಿತ್ತಲಿಗೆ ನಡೆದ. ಖಾಲಿ ಗುಂಡಿಗಳನ್ನು ನೋಡಿ, ಮೊಬೈಲಿನ ಫೋಟೋ ನೋಡಿ, ಬುಷರಾಳ ಮುಖ ನೋಡಿದ. "ಪೌಧೇ ಕಹಾಂ ಗಯೇ?" ಎಂದು ಗಿಡಗಳನ್ನು ಕೇಳಿದ. ಗಿಡಗಳು ಇದ್ದಲ್ಲೇ ಇದ್ದಿದ್ದರೆ ತೋರಿಸಿ ಮುಗಿಸಬಹುದಿತ್ತು. ತಪ್ಪು ಮಾಡದವರು ಯಾರಾದರೂ ಬೆಳೆದ ಪಲ್ಯ ಕಿತ್ತು ಬಚ್ಚಿಡುತ್ತಾರೆಯೇ? ಅದು ಬುಷರಾಳಿಗೆ ಹೊಳೆದದ್ದೇ ಈಗ. ಪೇದೆ ನೆಲದ ಮೇಲೆ ಉದುರಿದ್ದ ಮಣ್ಣಿನ ಜಾಡು ಹಿಡಿದು ಬಂದು ಮಷಿನ್ನಿನ ಮುಚ್ಚಳ ತೆಗೆದ. ಒಳಗೆ ಕೆಸರು, ಹರಿದ ಎಲೆಗಳು. ಅವನ ಮುಖ ಬಿಗಿಯಿತು. ಮನೆಯ ಗಂಡಸಿನ ಹೆಸರೇನು ಎಂದು ಹಿಂದಿಯಲ್ಲಿ ಗದರಿ ಕೇಳಿದ.

ಬುಷರಾ ಕಣ್ಣು ಮುಚ್ಚಿಕೊಂಡಳು.

"ಹೆಸರು ಆಮ್ಯಾಲ ಕೇಳೀರಂತ ಸಾಹೇಬ್ರ, ಮೊದಲ ಇದನ್ನ ಬಾಯಾಗ ಹಾಕೋರಿ." ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಜೇಬುನ್ನೀಸಾ ಯೋಚಿಸಲೇ ಇಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಎರಡು ಹಸಿ ಎಲೆ ತಂದು, ಒಂದನ್ನು ಅವನ ಎದುರಿಗೇ ಕಚಕಚ ಅಗಿದಳು, ಇನ್ನೊಂದನ್ನು ಅವನ ಮುಂದೆ ಹಿಡಿದಳು. ಪೇದೆ ಮೂಸಿ ನೋಡಿದ. ಅನುಮಾನದಿಂದಲೇ ಒಂದು ತುದಿ ಕಚ್ಚಿದ. ಹುಳಿ ತಗಲಿ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಆಮೇಲೆ ಇಡೀ ಮುಖ ಸಡಿಲಾಯಿತು.

"ಅರೇ, ಹೀ ತರ್ ಅಂಬಾಡೀ!"

ಮರಾಠಿಯವರು ಪುಂಡಿಯನ್ನು ಕರೆಯುವುದೇ ಹಾಗೆ. ತನ್ನ ಊರು ಸೋಲಾಪುರದ ಹತ್ತಿರ, ಅಮ್ಮ ಇದನ್ನು ಜೋಳದ ಭಾಕ್ರಿಯ ಜೊತೆ ಮಾಡುತ್ತಿದ್ದಳು, ಮುಂಬೈಗೆ ಬಂದ ಮೇಲೆ ಇದರ ಮುಖವನ್ನೇ ನೋಡಿಲ್ಲ ಎಂದು ಅವನು ಒಂದೇ ಉಸಿರಿಗೆ ಹೇಳಿದ. ಹೆಸರು ಕೇಳಿದ್ದು ಅವನಿಗೆ ಮರೆತೇಹೋಗಿತ್ತು. ಬುಷರಾ ಅಲ್ಲೇ ಮಷಿನ್ನಿಗೆ ಒರಗಿ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು, ಅಷ್ಟು ಮಾತ್ರ ಗೊತ್ತಾಯಿತು.

ಅಷ್ಟರಲ್ಲಿ ಜೇಬುನ್ನೀಸಾ ಪಲ್ಯ ಮಸೆದು ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಳು. ಬೇಡ, ಡ್ಯೂಟಿಯಲ್ಲಿದ್ದೇನೆ ಎಂದ ಪೇದೆ ಬಿಸಿ ರೊಟ್ಟಿ ಕಂಡ ಮೇಲೆ ನಿಂತುಕೊಂಡೇ ಎರಡು ತಿಂದ. "ಗ್ರೂಪ್‌ನಲ್ಲಿ ಬರೆದು ಹಾಕು, ಪೊಲೀಸರು ಬಂದು ಪರೀಕ್ಷೆ ಮಾಡಿದ್ದಾರೆ, ಪಲ್ಯ ಚೆನ್ನಾಗಿದೆ ಅಂತ," ಎಂದು ಬುಷರಾಳಿಗೆ ಹಿಂದಿಯಲ್ಲಿ ಹೇಳಿ, ಕೈ ತೊಳೆದು, ಹೊರಡುವಾಗ ಸ್ವಲ್ಪ ಸಂಕೋಚದಿಂದಲೇ ಕೇಳಿದ: ಬೀಜ ಇದೆಯೇ? ಕ್ವಾರ್ಟರ್ಸಿನ ಹಿಂದೆ ಜಾಗವಿದೆ, ಹೆಂಡತಿ ಹಾಕುತ್ತಾಳೆ. ಜೇಬುನ್ನೀಸಾ ಬಟ್ಟೆಯ ಗಂಟು ಬಿಚ್ಚಿ ಅವನ ಅಂಗೈಗೆ ಬೀಜ ಸುರಿದಳು.

ಅವನು ಹೋದ ಮೇಲೆ ಬುಷರಾ ತಟ್ಟೆ ತಂದು ಕೂತಳು. ಮದುವೆಯಾದಾಗಿನಿಂದ ಹುಲ್ಲು ಎಂದು ದೂರ ಸರಿಸುತ್ತಿದ್ದ ಪಲ್ಯವನ್ನು ಈಗ ತಾನೇ ಬಡಿಸಿಕೊಂಡು, ಎರಡನೆಯ ತುತ್ತಿಗೆ ಕೈ ನಿಲ್ಲಿಸಿದಳು.

"ಅಮ್ಮೀ, ಅವರ ಕ್ವಾರ್ಟರ್ಸ್‌ನಲ್ಲೂ ಯಾರಾದ್ರೂ ಫೋಟೋ ತೆಗೆದು ಗಾಂಜಾ ಅಂದ್ರೆ?"

ಜೇಬುನ್ನೀಸಾ ಹಿತ್ತಲಲ್ಲಿ ಕೂತು ಖಾಲಿ ಗುಂಡಿಗಳಿಗೆ ಉಳಿದ ಬೀಜ ಹಾಕಿ ಮಣ್ಣೆಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲಬಿಡ. ಪೊಲೀಸರ ಹಿತ್ತಲದಾಗ ಬೆಳದ್ರ ಎಲ್ಲಾರಿಗೂ ಅದು ಪಲ್ಯಾನ ಕಾಣತೈತಿ."